ಮಕ್ಕಳು ಪ್ರಶ್ನೆ ಕೇಳುವುದರ ಬಗ್ಗೆ ಪೋಷಕರಿಗೊಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ನವೆಂಬರ್ 26ರಂದು ಶಾಲೆಯಲ್ಲಿ ಸಂವಿಧಾನ ದಿನ. ಈ ಸಲ ಭಾಷಣ ಕಡಿಮೆ. ಸಂವಿಧಾನ ಸಭೆಯಲ್ಲಿ 1949ರ ಆಗಸ್ಟ್ 20ರಂದು ನಡೆದ ಒಂದು ಚರ್ಚೆಯನ್ನು ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳು ಆಡಿ ತೋರಿಸುತ್ತಾರೆ. ನೀವು ಬರಬೇಕು ಅಂತ ಕರೆಯುವುದಕ್ಕೆ ಈ ಪತ್ರ. ಜೊತೆಗೆ, ಮಕ್ಕಳು ಪಂಚಾಯ್ತಿಯವರ ಮುಂದೆ ತಮ್ಮ ಸಮಸ್ಯೆ ಹೇಳಿಕೊಳ್ಳುವ ಮಕ್ಕಳ ಗ್ರಾಮಸಭೆ ಆದಮೇಲೆ ನಿಮ್ಮಲ್ಲಿ ಕೆಲವರು ಶಾಲೆಗೆ ಬಂದು ಕೇಳಿದ ಮಾತಿಗೆ ಉತ್ತರವೂ ಹೌದು. ಅವತ್ತು ವರಾಂಡದಲ್ಲಿ ನಿಂತುಕೊಂಡು ಎಲ್ಲವನ್ನೂ ಹೇಳಲು ಆಗಲಿಲ್ಲ.

ಸಭೆಗೆ ಬರದವರಿಗಾಗಿ ಹೇಳುತ್ತೇನೆ, ಅಲ್ಲಿ ನಡೆದದ್ದು ಇಷ್ಟು. ನಮ್ಮ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ಒಂದು ಕೈಲಿ ಮೈಕು, ಇನ್ನೊಂದು ಕೈಲಿ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಸ್ಪೆಷಲ್ ಕ್ಲಾಸ್ ಮುಗಿಸಿ ಕೆರೆ ಏರಿ ಮೇಲೆ ಮನೆಗೆ ಹೋಗುವಾಗ ಬೀದಿದೀಪ ಉರಿಯುವುದಿಲ್ಲ, ಹೆಣ್ಣುಮಕ್ಕಳಿಗೆ ಭಯ ಆಗುತ್ತದೆ ಅಂತ ಓದಿದಳು. "ಗಮನಕ್ಕೆ ತಗೊಂಡಿದ್ದೀವಿ, ಕ್ರಮ ಕೈಗೊಳ್ತೀವಿ" ಅಂತ ವೇದಿಕೆಯಿಂದ ಉತ್ತರ ಬಂತು. ಅವಳು ಕೂರಲಿಲ್ಲ. "ಹೋದ ವರ್ಷವೂ ಇದೇ ಉತ್ತರ ಕೊಟ್ಟಿದ್ರಿ ಸಾರ್. ಯಾವ ತಿಂಗಳು ಅಂತ ಹೇಳಿ, ಬರ್ಕೋತೀನಿ" ಅಂದಳು. ದನಿ ನಡುಗುತ್ತಿತ್ತು. ಆದರೆ ಒಂದು ಮಾತೂ ಹದ ತಪ್ಪಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆದರು. ಹಿಂದೆ ಕೂತಿದ್ದ ಹಿರಿಯರೊಬ್ಬರು "ಸಾಕು ಕೂತ್ಕೊಳ್ಳಮ್ಮ, ದೊಡ್ಡವರ ಹತ್ರ ಹೀಗಾ ಮಾತಾಡೋದು?" ಅಂದರು.

ಆಮೇಲೆ ನೀವು ಬಂದಿರಿ. "ಎದುರು ಮಾತಾಡೋದನ್ನ ನೀವೇ ಕಲಿಸಿದ್ರೆ ಮನೇಲಿ ನಮ್ಮ ಮಾತು ಯಾರು ಕೇಳ್ತಾರೆ ಮೇಡಂ?" ಅಂತ ಒಬ್ಬ ತಾಯಿ ಕೇಳಿದರು. ಒಬ್ಬ ತಂದೆ ದನಿ ತಗ್ಗಿಸಿ, "ನಮ್ಮ ಮನೆ ಅರ್ಜಿ ಪಂಚಾಯ್ತಿ ಟೇಬಲ್ ಮೇಲಿದೆ. ಅವತ್ತು ನನ್ನ ಮಗ ಎದ್ದು ನಿಂತಿದ್ರೆ ನಮ್ಮ ಗತಿ ಏನು?" ಅಂದರು. ಈ ಎರಡನೇ ಮಾತು ನನ್ನನ್ನು ಜಾಸ್ತಿ ಕಾಡಿತು. ಅದು ಸುಮ್ನೆ ಆಡಿದ ಮಾತಲ್ಲ. ಸಂವಿಧಾನದ 19ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯ ಇದೆ. ಆದರೆ ನಾಳೆ ಸಹಿ ಹಾಕಬೇಕಾದವರನ್ನು ನೆನೆದು ಇವತ್ತು ಬಾಯಿ ಮುಚ್ಚಿಕೊಳ್ಳುವುದು ಬಡವರ ಮನೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಆ ಹೆದರಿಕೆಯನ್ನು ಮಕ್ಕಳ ತಲೆ ಮೇಲೆ ಹೊರಿಸಿ ನಾನು ದೂರ ನಿಲ್ಲುವುದು ಸರಿಯಲ್ಲ. ಅದಕ್ಕೇ ಮುಂದಿನ ಸಲದಿಂದ ಗ್ರಾಮಸಭೆಗೆ ಹೋಗುವ ಪ್ರಶ್ನೆಗಳನ್ನು ಮಕ್ಕಳು ಒಟ್ಟಿಗೆ ಕೂತು ಬರೆಯುತ್ತಾರೆ. ಅವು ಶಾಲೆಯ ಹೆಸರಲ್ಲಿ, ನನ್ನ ಸಹಿಯ ಜೊತೆ ಹೋಗುತ್ತವೆ. ಬೊಟ್ಟು ಮಾಡುವವರು ನನ್ನ ಕಡೆಗೇ ಮಾಡಲಿ.

ಆದರೆ ಪ್ರಶ್ನೆ ಕೇಳುವುದನ್ನು ನಿಲ್ಲಿಸುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಮಕ್ಕಳು ಆಡಿ ತೋರಿಸಲಿರುವ ಆ ದಿನದ ಕಥೆ ಹೇಳಬೇಕು.

ಹರಿ ವಿಷ್ಣು ಕಾಮತ್ ಅಂತ ಒಬ್ಬರಿದ್ದರು. ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ, 1907ರಲ್ಲಿ. ಬ್ರಿಟಿಷರ ಕಾಲದ ಉನ್ನತ ಸರ್ಕಾರಿ ಸೇವೆಯಾದ ಐಸಿಎಸ್ ಪಾಸು ಮಾಡಿ ದೊಡ್ಡ ಹುದ್ದೆಯಲ್ಲಿದ್ದವರು ಅದನ್ನು ಬಿಟ್ಟು ಸುಭಾಷ್‌ಚಂದ್ರ ಬೋಸರ ಜೊತೆ ಹೋದರು. ಸಂವಿಧಾನ ಸಭೆಗೆ ಮಧ್ಯಪ್ರಾಂತ್ಯದಿಂದ ಆರಿಸಿ ಬಂದಿದ್ದರು. ಸಂವಿಧಾನದ ಕರಡಿನಲ್ಲಿ 280 ಅಂತ ಒಂದು ವಿಧಿ ಇತ್ತು. ಈಗ ಅದು 359. ತುರ್ತು ಪರಿಸ್ಥಿತಿ ಇರುವಾಗ, ಮೂಲಭೂತ ಹಕ್ಕುಗಳಿಗಾಗಿ ಜನ ಕೋರ್ಟಿಗೆ ಹೋಗುವುದನ್ನೇ ರಾಷ್ಟ್ರಪತಿಗಳ ಆದೇಶದಿಂದ ತಡೆಹಿಡಿಯಬಹುದು ಅನ್ನುತ್ತದೆ ಆ ವಿಧಿ. ಅದು ಬೇಕು ಅಂದವರು ಕೆಟ್ಟವರಾಗಿರಲಿಲ್ಲ. ದೇಶ ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ, ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು, ನಮ್ಮ ಬೀದರ್, ಕಲಬುರಗಿ, ರಾಯಚೂರು ನಿಜಾಮನ ಕೈಯಿಂದ ಬಿಡಿಸಿಕೊಂಡು ವರ್ಷವೂ ತುಂಬಿರಲಿಲ್ಲ. ದೇಶ ಉಳಿದರೆ ತಾನೇ ಹಕ್ಕು ಉಳಿಯುವುದು ಅನ್ನುವುದು ಅವರ ವಾದ. ಕಾಮತ್ ಒಪ್ಪಲಿಲ್ಲ. ಜರ್ಮನಿಯಲ್ಲಿ ಹಿಟ್ಲರ್ ಇಂಥದ್ದೇ ತುರ್ತು ಅಧಿಕಾರವನ್ನು ಹಿಡಿದು ಪ್ರಜಾಪ್ರಭುತ್ವವನ್ನು ಮುಗಿಸಿದ ಅಂತ ಸಭೆಗೆ ನೆನಪು ಮಾಡಿದರು. ಸಭೆ ಕೇಳಲಿಲ್ಲ. ವಿಧಿ ಪಾಸಾಯಿತು. ಇದು ನಾಚಿಕೆಯ ಮತ್ತು ದುಃಖದ ದಿನ, ಭಾರತದ ಜನರನ್ನು ದೇವರೇ ಕಾಪಾಡಬೇಕು ಅಂದರು ಕಾಮತ್.

ಈಗ ಯೋಚಿಸಿ. ಸಭೆಯ ತುಂಬ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡ ಹಿರಿಯರು. ಅವರ ಮುಂದೆ ನಿಂತು ನೀವು ಮಾಡಿದ್ದು ತಪ್ಪು ಅಂದ ಈ ಮನುಷ್ಯನಿಗೂ ಯಾರಾದರೂ "ಸಾಕು ಕೂತ್ಕೊಳ್ಳಪ್ಪ" ಅನ್ನಬಹುದಿತ್ತು, ಅಲ್ವಾ? ಕರಡು ಸಮಿತಿಯ ಅಧ್ಯಕ್ಷರಾದ ಡಾ. ಅಂಬೇಡ್ಕರ್ ಏನು ಮಾಡಿದರು ನೋಡಿ. 1949ರ ನವೆಂಬರ್ 25ರಂದು, ಅಂದರೆ ಸಂವಿಧಾನ ಅಂಗೀಕಾರವಾಗುವ ಹಿಂದಿನ ದಿನ, ಅವರು ಸಭೆಯಲ್ಲಿ ಕೊನೆಯ ದೊಡ್ಡ ಭಾಷಣ ಮಾಡಿದರು. ಎಲ್ಲರೂ ಪಕ್ಷದ ಶಿಸ್ತಿಗೆ ತಲೆಬಾಗಿ ಹೌದು ಹೌದು ಅಂದಿದ್ದರೆ ಈ ಸಭೆ ಸಪ್ಪೆಯಾಗಿರುತ್ತಿತ್ತು, ಪುಣ್ಯಕ್ಕೆ ಕೆಲವು ಬಂಡಾಯಗಾರರು ಇದ್ದರು ಅಂತ ಹೇಳಿ ಅವರ ಹೆಸರು ಓದಿದರು. ಮೊದಲನೆಯ ಹೆಸರೇ ಕಾಮತ್. ಅವರ ಸಲಹೆಗಳನ್ನು ನಾನು ಒಪ್ಪದಿದ್ದರೂ ಅವುಗಳ ಬೆಲೆ ಕಮ್ಮಿಯಾಗುವುದಿಲ್ಲ, ಅವರಿಗೆ ನಾನು ಋಣಿ ಅಂದರು. ಅವರು ಪ್ರಶ್ನೆ ಎತ್ತಿದ್ದರಿಂದಲೇ ಸಂವಿಧಾನದ ಹಿಂದಿರುವ ತತ್ವಗಳನ್ನು ಬಿಡಿಸಿ ಹೇಳುವ ಅವಕಾಶ ತಮಗೆ ಸಿಕ್ಕಿತು ಅಂದರು. ಕರಡಿಗೆ ಸುಮಾರು 7,635 ತಿದ್ದುಪಡಿಗಳು ಬಂದಿದ್ದವು, ಅದರಲ್ಲಿ 2,473 ಸಭೆಯಲ್ಲಿ ಮಂಡನೆಯಾದವು. ಅಷ್ಟು ಆಕ್ಷೇಪಣೆ ಕೇಳಿಸಿಕೊಂಡು, ಆರೋಗ್ಯ ಕೆಟ್ಟಿದ್ದರೂ ಉತ್ತರ ಕೊಟ್ಟು, ಕೊನೆಗೆ ಥ್ಯಾಂಕ್ಸ್ ಹೇಳಿದ ದೊಡ್ಡತನ ಅದು. ನಮ್ಮ ಊರಿನ ವೇದಿಕೆಗಳ ಮೇಲೆ ಆ ದೊಡ್ಡತನದ ಸ್ವಲ್ಪ ಭಾಗ ಇದ್ದರೂ ಸಾಕು ಅನಿಸುತ್ತದೆ ನನಗೆ.

ಸೋತ ಕಾಮತ್ ಹೇಳಿದ್ದು ಏನಾಯಿತು? 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಎರಡೇ ದಿನದಲ್ಲಿ ಅದೇ 359ನೇ ವಿಧಿಯಡಿ ಆದೇಶ ಹೊರಟಿತು. ಬಂಧನ ತಪ್ಪು ಅಂತ ಕೋರ್ಟಿಗೆ ಹೋಗುವ ದಾರಿ ಮುಚ್ಚಿತು. ನಿಮ್ಮಲ್ಲಿ ಹಿರಿಯರಿಗೆ ಆ ದಿನಗಳ ನೆನಪಿರಬಹುದು. ರಂಗಭೂಮಿ ಮತ್ತು ಸಿನಿಮಾ ಕಲಾವಿದೆ ಸ್ನೇಹಲತಾ ರೆಡ್ಡಿ ಅವರನ್ನು ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಅವರಿಗೆ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಬಿಟ್ಟರು. ಹೊರಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಹೀಗೆ ಹಿಡಿದಿಟ್ಟ ಜನರಿಗೆ ಕೋರ್ಟಿಗೆ ಬರುವ ಹಕ್ಕಾದರೂ ಇದೆಯಾ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಇಲ್ಲ ಅಂದರು. ಎಚ್.ಆರ್. ಖನ್ನಾ ಒಬ್ಬರೇ ಇದೆ ಅಂದರು. ಮುಂದೆ ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನವನ್ನು ಅವರಿಗಿಂತ ಕಿರಿಯರಿಗೆ ಕೊಟ್ಟರು. ಅವರು ರಾಜೀನಾಮೆ ಕೊಟ್ಟು ಹೊರನಡೆದರು. 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ತಂದು, ಜೀವದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಹೀಗೆ ಕಸಿಯುವ ಹಾಗಿಲ್ಲ ಅಂತ ಮಾಡಿದರು. ಕಾಮತ್ ಎತ್ತಿದ್ದ ಆಕ್ಷೇಪಣೆಯಲ್ಲಿ ಎಷ್ಟು ತೂಕವಿತ್ತು ಅಂತ ದೇಶಕ್ಕೆ ಗೊತ್ತಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು.

ಮನೇಲಿ ನಮ್ಮ ಮಾತು ಯಾರು ಕೇಳ್ತಾರೆ ಅಂತ ಆ ತಾಯಿ ಕೇಳಿದ ಪ್ರಶ್ನೆಗೆ ಈ ಕಥೆಯ ಮುಂದಿನ ಭಾಗದಲ್ಲೇ ಉತ್ತರ ಇದೆ ಅಂದುಕೊಂಡಿದ್ದೇನೆ. 2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಆ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. 1976ರ ಆ ತೀರ್ಪು ತಪ್ಪು ಅಂತಲೂ ಹೇಳಿ ಅದನ್ನು ರದ್ದು ಮಾಡಿತು. ಹಾಗೆ ಬರೆದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. 1976ರಲ್ಲಿ ಇಲ್ಲ ಅಂದ ನಾಲ್ವರಲ್ಲಿ ಒಬ್ಬರು ಅವರ ತಂದೆ ವೈ.ವಿ. ಚಂದ್ರಚೂಡ್. ಮಗ ತಂದೆಯ ತೀರ್ಪಿನಲ್ಲಿ ದೊಡ್ಡ ದೋಷವಿದೆ ಅಂತ ಕಾರಣ ಕೊಟ್ಟು, ಗೌರವದ ಮಾತಿನಲ್ಲೇ ಬರೆದರು. ತಂದೆಗೆ ಅದರಿಂದ ಅವಮಾನ ಆಯಿತು ಅಂತ ನನಗೆ ಅನಿಸುವುದಿಲ್ಲ. ಇಂಥ ಮಗನನ್ನು ಬೆಳೆಸಿದ ಮನೆಯ ಬಗ್ಗೆ ನನಗೆ ಗೌರವ ಜಾಸ್ತಿಯೇ ಆಯಿತು.

ಮಾತಾಡುವುದು ಬೇರೆ, ಬಾಯಿಗೆ ಬಂದದ್ದು ಆಡುವುದು ಬೇರೆ. ಇದನ್ನು ನಾವು ದಿನವೂ ಕಲಿಸುತ್ತೇವೆ. ಅದೇ 19ನೇ ವಿಧಿ ಮಾನಹಾನಿ ಮಾಡುವ, ಹಿಂಸೆಗೆ ಕುಮ್ಮಕ್ಕು ಕೊಡುವ ಮಾತಿಗೆ ಮಿತಿ ಹಾಕುತ್ತದೆ. ನಮ್ಮ ಶಾಲೆಯ ಗೋಡೆಪತ್ರಿಕೆಯಲ್ಲಿ ಮಕ್ಕಳು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು. ಯಾರನ್ನೂ ಹೆಸರು ಹಿಡಿದು ಹೀಯಾಳಿಸುವ ಹಾಗಿಲ್ಲ. ಉತ್ತರ ಬಂದರೆ ಅದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಬೇಕು. ಬಿಸಿಯೂಟದ ಸಾಂಬಾರಿನ ಬಗ್ಗೆ ಒಬ್ಬ ಹುಡುಗ ಬರೆದಾಗ ಅಡುಗೆಯವರೇ ಬಂದು ಪಕ್ಕದಲ್ಲಿ ತಮ್ಮ ಉತ್ತರ ಬರೆಸಿದರು: ಆ ವಾರ ಬೇಳೆ ಬರುವುದು ತಡವಾಗಿತ್ತು. ಹುಡುಗ ಅದನ್ನು ಓದಿ, ಅಡುಗೆಮನೆ ಬಾಗಿಲಿಗೆ ಹೋಗಿ "ಗೊತ್ತಿರಲಿಲ್ಲ ಅಕ್ಕ" ಅಂದ. ಇಬ್ಬರೂ ಮಾತಾಡಿದ್ದಕ್ಕೆ ಇಬ್ಬರಿಗೂ ವಿಷಯ ತಿಳಿಯಿತು. ಬೇಳೆ ಕಳಿಸುವವರಿಗೂ ನಾನು ಪತ್ರ ಬರೆದೆ.

ನವೆಂಬರ್ 25ರ ಆ ಭಾಷಣದಲ್ಲೇ ಅಂಬೇಡ್ಕರ್ ಇನ್ನೊಂದು ಮಾತು ಹೇಳಿದ್ದಾರೆ. ಸಂವಿಧಾನ ಎಷ್ಟೇ ಒಳ್ಳೆಯದಿರಲಿ, ಅದನ್ನು ನಡೆಸುವವರು ಕೆಟ್ಟವರಾದರೆ ಅದೂ ಕೆಡುತ್ತದೆ. ಸಂವಿಧಾನದಲ್ಲಿ ಕುಂದಿದ್ದರೂ ನಡೆಸುವವರು ಒಳ್ಳೆಯವರಾದರೆ ಅದು ಒಳ್ಳೆಯದೇ ಆದೀತು. ದೇವರ ಮುಂದೆ ಭಕ್ತಿ ಸರಿ, ರಾಜಕೀಯದಲ್ಲಿ ಭಕ್ತಿ ನಮ್ಮನ್ನು ಸರ್ವಾಧಿಕಾರದ ಕಡೆಗೆ ಕರೆದೊಯ್ಯುತ್ತದೆ ಅಂತಲೂ ಎಚ್ಚರಿಸಿದರು. ಅದಕ್ಕೂ ಒಂದು ವರ್ಷ ಮೊದಲು, 1948ರ ನವೆಂಬರ್ 4ರಂದು, ಸಾಂವಿಧಾನಿಕ ನೈತಿಕತೆ, ಅಂದರೆ ಸಂವಿಧಾನದ ರೀತಿನೀತಿಗೆ ಗೌರವ ಕೊಟ್ಟು ನಡೆಯುವ ಗುಣ, ತಾನಾಗಿ ಹುಟ್ಟುವುದಿಲ್ಲ, ಬೆಳೆಸಬೇಕು, ನಮ್ಮ ಜನ ಅದನ್ನು ಇನ್ನೂ ಕಲಿಯಬೇಕಿದೆ ಅಂದಿದ್ದರು. ಒಬ್ಬ ಟೀಚರ್ ಆಗಿ ನನಗೆ ಇದಕ್ಕಿಂತ ನೇರವಾದ ಆದೇಶ ಬೇಕಿಲ್ಲ. ಗ್ರಾಮಸಭೆ ಬಗ್ಗೆ ಮಾತಾಡಲು ಬಂದವರಲ್ಲಿ ಒಬ್ಬರು "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತ ಗಾದೆ ಹೇಳಿದರು. ಗಾದೆ ಸರಿಯೇ. ಹದಿನಾಲ್ಕು ವರ್ಷಕ್ಕೆ ಸಭೆಯಲ್ಲಿ ಎದ್ದು ನಿಂತು ಮರ್ಯಾದೆಯಿಂದ ಪ್ರಶ್ನೆ ಕೇಳಲು ಕಲಿಯದವರು, ಹದಿನೆಂಟು ತುಂಬಿದ ದಿನ ದಿಢೀರಂತ ಒಳ್ಳೆಯ ಮತದಾರರಾಗುತ್ತಾರಾ? ಪಂಚಾಯ್ತಿ ಸದಸ್ಯರಾದಾಗ ಇನ್ನೊಬ್ಬರ ಪ್ರಶ್ನೆಯನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾರಾ?

ಮಾತು ಕಡಿಮೆ ಆಡುವ ಮಕ್ಕಳ ತಂದೆತಾಯಿ ಗಾಬರಿಯಾಗುವುದು ಬೇಡ. ಯಾರಿಗೂ ಬಲವಂತ ಇಲ್ಲ. ಕೇರಳದಲ್ಲಿ ಒಂದೇ ಮನೆಯ ಮೂವರು ಮಕ್ಕಳು ಧರ್ಮದ ಕಾರಣಕ್ಕೆ ರಾಷ್ಟ್ರಗೀತೆ ಹಾಡುತ್ತಿರಲಿಲ್ಲ. ಎಲ್ಲರ ಜೊತೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು. 1985ರಲ್ಲಿ ಅವರನ್ನು ಶಾಲೆಯಿಂದ ತೆಗೆದುಹಾಕಿದರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಕ್ರಮ ತಪ್ಪು ಅಂದಿತು, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಸುಮ್ಮನಿರುವುದಕ್ಕೂ ಈ ದೇಶದಲ್ಲಿ ಜಾಗ ಇದೆ. ಪರೀಕ್ಷೆಯ ಅಂಕಗಳ ಬಗ್ಗೆ ಕೇಳಿದವರಿಗೆ: ಇದೆಲ್ಲ ಸಮಾಜ ವಿಜ್ಞಾನದ ಪಾಠಕ್ಕೆ ಸೇರಿದ್ದೇ, ಹತ್ತನೇ ತರಗತಿಯ ಓದಿಗೆ ತೊಂದರೆ ಆಗುವುದಿಲ್ಲ.

ಇನ್ನು ಕಾರ್ಯಕ್ರಮದ ವಿಷಯ. ನವೆಂಬರ್ 26ರಂದು ಬೆಳಿಗ್ಗೆ ಹತ್ತೂವರೆಗೆ ಶಾಲೆಯ ಸಭಾಂಗಣದಲ್ಲಿ ಶುರು. ಮೊದಲು ಎಲ್ಲರೂ ಎದ್ದು ಸಂವಿಧಾನ ಪೀಠಿಕೆ ಓದುತ್ತೇವೆ, ನೀವೂ ನಮ್ಮ ಜೊತೆ ಓದಿ. ಕಾಮತ್ ಪಾತ್ರವನ್ನು ಹತ್ತನೇ ತರಗತಿಯ ಹುಡುಗಿ ಮಾಡುತ್ತಾಳೆ. ತುರ್ತು ಅಧಿಕಾರ ಬೇಕು ಅನ್ನುವ ಕಡೆಯವರೂ ಚೆನ್ನಾಗಿ ತಯಾರಾಗಿದ್ದಾರೆ. ಅವರ ವಾದವನ್ನು ಗಟ್ಟಿಯಾಗಿಯೇ ಮಂಡಿಸಬೇಕು, ಸುಮ್ನೆ ಸೋಲಬಾರದು ಅಂತ ಹೇಳಿದ್ದೇನೆ. ಚರ್ಚೆ ಮುಗಿದ ಮೇಲೆ ಅರ್ಧ ಗಂಟೆ ನಿಮಗೆ. ಮಕ್ಕಳನ್ನು, ಶಿಕ್ಷಕರನ್ನು, ನನ್ನನ್ನು ಏನು ಬೇಕಾದರೂ ಕೇಳಿ. ಎದ್ದು ನಿಂತು ಕೇಳಲು ಮುಜುಗರ ಅನಿಸಿದರೆ ಚೀಟಿಯಲ್ಲಿ ಬರೆದು ಬಾಗಿಲ ಹತ್ತಿರದ ಡಬ್ಬಿಗೆ ಹಾಕಿ, ಹೆಸರು ಬೇಡ, ಅವನ್ನೂ ಓದಿ ಉತ್ತರ ಕೊಡುತ್ತೇವೆ. ಕೂಲಿ ಕೆಲಸಕ್ಕೆ ಹೋಗುವವರಿಗೆ ಬೆಳಿಗ್ಗೆ ಬರಲು ಆಗದಿದ್ದರೆ, ಅದೇ ದಿನ ಸಂಜೆ ಐದೂವರೆಗೆ ಮಕ್ಕಳು ಇನ್ನೊಮ್ಮೆ ಆಡುತ್ತಾರೆ. ಯಾವ ಹೊತ್ತಿಗೆ ಬರುತ್ತೀರಿ ಅಂತ ಮಕ್ಕಳ ಡೈರಿಯಲ್ಲಿ ಬರೆದು ಕಳಿಸಿ, ಕುರ್ಚಿ ಜೋಡಿಸಲು ಅನುಕೂಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ