ಲೀಡ್ಸ್‌ನಲ್ಲಿರುವ ಗೆಳೆಯನಿಗೆ: ಕೋಟನ್ನು ಮೊದಲು ಒಳಗಿನಿಂದ ನೋಡು

ಪ್ರೀತಿಯ ಗೆಳೆಯಾ,

ಅರವತ್ತು ಪೌಂಡಿನೊಳಗೆ ಒಂದು ಹಳೆಯ ಟ್ವೀಡ್ (ಒರಟು ಉಣ್ಣೆ ಬಟ್ಟೆಯ) ಕೋಟು, ಸಾಧ್ಯವಾದರೆ ಜೊತೆಗೊಂದು ಉಣ್ಣೆಯ ಪ್ಯಾಂಟು ಬೇಕು ಎಂದು ಬರೆದಿದ್ದೀಯ. ಖಂಡಿತ ಸಿಗುತ್ತದೆ. ನೀನಿರುವ ಊರೇ ಅದಕ್ಕೆ ಹೇಳಿಮಾಡಿಸಿದ್ದು. ಸೂಟು ಹೊಲಿಸಿ ಮಾರುತ್ತಿದ್ದ ಮಾಂಟೆಗ್ಯೂ ಬರ್ಟನ್ನರ ಹಡ್ಸನ್ ರೋಡ್ ಕಾರ್ಖಾನೆ ಇದ್ದದ್ದು ಲೀಡ್ಸ್‌ನಲ್ಲೇ. ಒಂದು ಕಾಲಕ್ಕೆ ಅದು ಜಗತ್ತಿನ ಅತಿ ದೊಡ್ಡ ಉಡುಪು ಕಾರ್ಖಾನೆಗಳಲ್ಲೊಂದು. ಸೂಟಿನ ಬಟ್ಟೆಗೆ ಹೆಸರಾದ ಹಡರ್ಸ್‌ಫೀಲ್ಡ್ ಪಕ್ಕದಲ್ಲೇ ಇದೆ. ಆ ಸೀಮೆಯ ಅಜ್ಜಂದಿರ ಕಪಾಟು ಖಾಲಿ ಮಾಡಿದಾಗ ಕೋಟುಗಳು ಬಂದು ಸೇರುವುದು ದಾನ ಬಂದ ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಗಳಿಗೆ. ಮೇ, ಜೂನ್, ಜುಲೈಯಲ್ಲಿ ಹೋಗು. ಬಿಸಿಲು ಕಂಡ ಕೂಡಲೇ ದಪ್ಪ ಕೋಟನ್ನು ಯಾರೂ ಮುಟ್ಟುವುದಿಲ್ಲ.

ಇದ್ದ ದುಡ್ಡನ್ನೆಲ್ಲ ಬಟ್ಟೆಗೇ ಸುರಿಯಬೇಡ, ಅರ್ಧದಷ್ಟನ್ನು ದರ್ಜಿಗೆ ಎತ್ತಿಡು. ಹಳೆಯ ಕೋಟಿನಲ್ಲಿ ನೀನು ಕೊಳ್ಳುವುದು ಭುಜವನ್ನು ಮತ್ತು ಬಟ್ಟೆಯನ್ನು. ಉಳಿದದ್ದನ್ನು ದರ್ಜಿ ತಿದ್ದಬಲ್ಲ, ಅದೂ ಆ ಕಾಲದ ದರ್ಜಿ ಹೊಲಿಗೆಯ ಒಳಗೆ ಎಷ್ಟು ಮಾರ್ಜಿನ್, ಅಂದರೆ ಹೆಚ್ಚುವರಿ ಬಟ್ಟೆ, ಬಿಟ್ಟಿದ್ದಾನೋ ಅಷ್ಟರ ಮಟ್ಟಿಗೆ.

ಅಂಗಡಿಗೆ ಹೋಗುವ ಮೊದಲು, ನಿನಗೆ ಚೆನ್ನಾಗಿ ಕೂರುವ ಒಂದು ಕೋಟನ್ನು ಗುಂಡಿ ಹಾಕಿ ಹಾಸಿಗೆಯ ಮೇಲೆ ಮಲಗಿಸಿ ನಾಲ್ಕು ಅಳತೆ ಬರೆದುಕೋ. ಬೆನ್ನ ಕಡೆ ಒಂದು ಭುಜದ ಹೊಲಿಗೆಯಿಂದ ಇನ್ನೊಂದಕ್ಕೆ. ಒಂದು ಕಂಕುಳಿಂದ ಇನ್ನೊಂದಕ್ಕೆ. ಭುಜದ ಹೊಲಿಗೆಯಿಂದ ತೋಳಿನ ತುದಿಗೆ. ಕಾಲರಿನ ಬುಡದಿಂದ ಕೆಳ ಅಂಚಿಗೆ. ನಿನ್ನ ಎದೆಯ ಸುತ್ತಳತೆ 38 ಇಂಚಾದರೆ ಕಂಕುಳಿಂದ ಕಂಕುಳಿಗೆ 20.5ರಿಂದ 21 ಇಂಚು ಬರಬೇಕು, ಅಂದರೆ ಕೋಟಿನ ಸುತ್ತಳತೆ ಮೈಗಿಂತ ಮೂರು ನಾಲ್ಕು ಇಂಚು ಹೆಚ್ಚು. ಸ್ವೆಟರ್ ಮೇಲೆ, ಕೋಟಿನ ಮೇಲೆ ಹಾಕುವ ಓವರ್‌ಕೋಟಿಗೆ ಐದಾರು ಇಂಚು ಹೆಚ್ಚಿರಲಿ. ಲೇಬಲ್ಲಿನಲ್ಲಿ 38 ಎಂದಿರುವುದನ್ನು ನಂಬಬೇಡ. ಐವತ್ತು ವರ್ಷಗಳಲ್ಲಿ ಯಾರೋ ಅದನ್ನು ಹಿಡಿಸಿರಬಹುದು, ಒದ್ದೆಯಾಗಿ ಕುಗ್ಗಿರಲೂಬಹುದು. ಟೇಪಿನ ಮಾತೇ ಕೊನೆಯ ಮಾತು.

ಭುಜ ಅರ್ಧ ಇಂಚಿಗಿಂತ ಹೆಚ್ಚು ತಪ್ಪಿದರೆ ಕೋಟನ್ನು ಅಲ್ಲೇ ಬಿಟ್ಟು ಬಾ, ಬಟ್ಟೆ ಎಷ್ಟೇ ಚೆಂದವಿರಲಿ. ಅದನ್ನು ಸರಿಮಾಡಲು ತೋಳು, ಕಾಲರು, ಪ್ಯಾಡು ಎಲ್ಲವನ್ನೂ ಬಿಚ್ಚಬೇಕು. ಕೂಲಿ ಕೋಟಿನ ಬೆಲೆಯನ್ನು ಮೀರುತ್ತದೆ. ಉದ್ದವನ್ನೂ ಒಂದು ಇಂಚಿಗಿಂತ ಹೆಚ್ಚು ಕತ್ತರಿಸುವಂತಿಲ್ಲ, ಜೇಬು ಕೆಳ ಅಂಚಿಗೆ ಅಂಟಿಕೊಂಡಂತೆ ಕಾಣುತ್ತದೆ. ಪಕ್ಕದ ಹೊಲಿಗೆಯಲ್ಲಿ ಒಟ್ಟು ಎರಡು ಇಂಚಿನವರೆಗೆ ಹಿಡಿಸಬಹುದು; ಅದನ್ನು ದಾಟಿದರೆ ಜೇಬುಗಳು ಬೆನ್ನಿನ ಕಡೆ ಸರಿಯುತ್ತವೆ. ತೋಳು ಗಿಡ್ಡವಿದ್ದರೆ ತುದಿಯನ್ನು ಬೆರಳುಗಳ ನಡುವೆ ಹಿಡಿದು ಒಳಗೆ ಮಡಚಿದ ಬಟ್ಟೆ ಎಷ್ಟಿದೆ ಎಂದು ತಡವಿ ನೋಡು. ಸಾಮಾನ್ಯವಾಗಿ ಒಂದರಿಂದ ಎರಡು ಇಂಚು ಸಿಗುತ್ತದೆ. ಆದರೆ ತೋಳಿನ ಗುಂಡಿಗಳಿಗೆ ನಿಜವಾದ ಕಾಜಾ ಕತ್ತರಿಸಿದ್ದರೆ ತುದಿಯಲ್ಲಿ ಉದ್ದ ಬದಲಿಸಲು ಬರುವುದಿಲ್ಲ. ಇನ್ನೊಂದು ಮಾತು: ಬಿಚ್ಚಿ ಉದ್ದ ಮಾಡಿದ ಕಡೆ ಹಳೆಯ ಮಡಿಕೆಯ ಗೆರೆ ಉಳಿಯುತ್ತದೆ. ಒರಟು ಟ್ವೀಡಿನಲ್ಲಿ ಹಬೆ ಕೊಟ್ಟು ಬ್ರಷ್ ಮಾಡಿದರೆ ಬಹುಮಟ್ಟಿಗೆ ಮಾಯವಾಗುತ್ತದೆ. ನಯವಾದ ನೀಲಿ ಸೂಟಿನ ಬಟ್ಟೆಯಲ್ಲಿ ಹೋಗುವುದಿಲ್ಲ, ಅಲ್ಲಿ ಆ ಆಸೆ ಬೇಡ.

ಇನ್ನು ಎದೆಯ ಭಾಗ. ಕೆಳಗಿನ ಕಾಜಾದ ಪಕ್ಕದಲ್ಲಿ ಬಟ್ಟೆಯನ್ನು ಮೆಲ್ಲಗೆ ಚಿವುಟಿ ಪದರಗಳನ್ನು ಬೇರ್ಪಡಿಸಲು ನೋಡು. ಹೊರಬಟ್ಟೆ, ಒಳಬದಿಯ ಬಟ್ಟೆ, ನಡುವೆ ಸಡಿಲವಾಗಿ ಆಡುವ ಮೂರನೆಯದೊಂದು ಪದರ ಕೈಗೆ ಸಿಕ್ಕರೆ ಅದು ಎದೆಗೆ ಆಕಾರ ಕೊಡಲು ಹೊಲಿದು ಕೂರಿಸಿದ ಕ್ಯಾನ್ವಾಸ್. ಎರಡೇ ಪದರ ಸಿಕ್ಕು, ಹೊರಗಿನದು ಬಿರುಸಾಗಿದ್ದರೆ ಅಂಟು ಹಾಕಿ ಒತ್ತಿದ್ದು. 1960ರ ದಶಕದಿಂದ ಅಂಟಿನ ಪದ್ಧತಿ ಹೆಚ್ಚಾಯಿತು. ಆ ಅಂಟು ವರ್ಷಗಳ ಮೇಲೆ ಡ್ರೈ ಕ್ಲೀನಿಂಗಿನ ಬಿಸಿಗೆ ಬಿಟ್ಟುಕೊಳ್ಳುತ್ತದೆ, ಆಗ ಲ್ಯಾಪೆಲ್ಲಿನ (ಕಾಲರಿನ ಕೆಳಗೆ ಎದೆಯ ಮೇಲೆ ಮಡಚಿದ ಪಟ್ಟಿಯ) ಮೇಲೆ ಹಪ್ಪಳದಂತೆ ಗುಳ್ಳೆಗಳೇಳುತ್ತವೆ. ಗುಳ್ಳೆ ಕಂಡ ಕೋಟನ್ನು ಪುಕ್ಕಟೆ ಕೊಟ್ಟರೂ ತರಬೇಡ.

ಅಂಗಡಿಯಲ್ಲಿ ಕೋಟನ್ನು ಬೆಳಕಿಗೆ ಹಿಡಿ, ನುಸಿ ತಿಂದ ತೂತುಗಳು ಚುಕ್ಕಿಯಾಗಿ ಕಾಣುತ್ತವೆ. ಕಾಲರನ್ನು ಎತ್ತಿ ಅಡಿಭಾಗದ ಫೆಲ್ಟ್ ನೋಡು, ನುಸಿಗೆ ಅದು ಬಹಳ ಇಷ್ಟ. ಕಂಕುಳ ಭಾಗವನ್ನು ಅಂಗೈಯಲ್ಲಿ ಒಂದು ನಿಮಿಷ ಮುಚ್ಚಿಹಿಡಿದು ಆಮೇಲೆ ಮೂಸು. ತಣ್ಣಗಿದ್ದಾಗ ಅಡಗಿದ ಬೆವರಿನ ವಾಸನೆ ಬಿಸಿಯಾದಾಗ ಏಳುತ್ತದೆ. ಅದೇ ಜಾಗವನ್ನು ಎರಡೂ ಕೈಯಿಂದ ಹಗುರಾಗಿ ಎಳೆ. ಸಣ್ಣಗೆ ಹರಿಯುವ ಸದ್ದು ಬಂದರೆ ನೂಲೇ ಕೊಳೆತಿದೆ, ಅದಕ್ಕೆ ಮದ್ದಿಲ್ಲ. ಒಂದೆರಡು ಪುಟ್ಟ ತೂತುಗಳಿಗೆ ಹೆದರಬೇಡ. ಟ್ವೀಡಿನಲ್ಲಿ ಒಳ ಮಾರ್ಜಿನ್ನಿನಿಂದಲೇ ನೂಲು ತೆಗೆದು ರಫು ಮಾಡಿದರೆ ಕಾಣುವುದೇ ಇಲ್ಲ. ಲೈನಿಂಗ್ ಪೂರ್ತಿ ಹರಿದಿದ್ದರೆ ಮಾತ್ರ ಯೋಚಿಸು: ಹೊಸದು ಹಾಕಿಸುವ ಕೂಲಿ ಅಲ್ಲಿ ಕೋಟಿಗಿಂತ ದುಬಾರಿ. ರಜೆಗೆ ಬರುವಾಗ ತಂದರೆ ಇಲ್ಲೇ ಮಾಡಿಸೋಣ. ಪಾಲಿಯೆಸ್ಟರ್ ಬೇಡ, ವಿಸ್ಕೋಸ್ ಹಾಕಿಸಿದರೆ ಮೈ ಬೇಯುವುದಿಲ್ಲ.

ಲೇಬಲ್ ನೋಡುವುದು ಕಾಲ ತಿಳಿಯಲು. ಉಣ್ಣೆಯ ಉಂಡೆಯಂತಿರುವ ವೂಲ್‌ಮಾರ್ಕ್ ಚಿಹ್ನೆ 1964ರಲ್ಲಿ ಬಂದದ್ದು, ಅದಿದ್ದರೆ ಕೋಟು ಅದಕ್ಕಿಂತ ಹಳೆಯದಲ್ಲ. ಅಲ್ಲಿನ ದೊಡ್ಡ ಅಂಗಡಿ ಸರಣಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ತನ್ನ ಬಟ್ಟೆಗಳಿಗೆ ಸೇಂಟ್ ಮೈಕಲ್ ಎಂಬ ಹೆಸರು ಬಳಸಿದ್ದು 1928ರಿಂದ 2000ದವರೆಗೆ. ಆ ಹೆಸರಿನ ಟ್ವೀಡುಗಳು ಗಟ್ಟಿಮುಟ್ಟು, ಬೆಲೆಯೂ ಕಡಿಮೆ, ನಿನಗೆ ಅವೇ ಸರಿ. ಅಳತೆ ಕೊಟ್ಟು ಹೊಲಿಸಿದ ಕೋಟಾದರೆ ಒಳಜೇಬಿನೊಳಗೆ ಕೈಹಾಕಿ ನೋಡು. ಹೊಲಿಸಿದವರ ಹೆಸರು, ತಾರೀಕು ಬರೆದ ಚೀಟಿ ಅಲ್ಲಿ ಇರುವುದುಂಟು. ಸಿಸಿ41 ಮುದ್ರೆ 1941ರಿಂದ 1952ರವರೆಗಿನ ಯುಟಿಲಿಟಿ ಯೋಜನೆಯದು, ಅಂದರೆ ಅಭಾವದ ಕಾಲದಲ್ಲಿ ಬ್ರಿಟಿಷ್ ಸರಕಾರ ನಿಯಂತ್ರಿಸಿದ ಉಡುಪುಗಳದ್ದು. ಯುದ್ಧಕಾಲದಲ್ಲಿ, 1942ರಿಂದ 1944ರವರೆಗೆ, ಪ್ಯಾಂಟಿನ ತುದಿಯ ಮಡಿಕೆಗೂ ಎದೆಯ ಮೇಲೆ ಎರಡು ಸಾಲು ಗುಂಡಿಯ ಡಬಲ್ ಬ್ರೆಸ್ಟ್ ಕೋಟಿಗೂ ಅಲ್ಲಿ ನಿಷೇಧವಿತ್ತು! ಸಿಸಿ41 ಮುದ್ರೆಯ ಕೋಟುಗಳು ಸಂಗ್ರಹಕಾರರ ವಸ್ತುಗಳು, ಬೆಲೆ ಏರಿಬಿಟ್ಟಿದೆ. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ನೇಯ್ದ ಹ್ಯಾರಿಸ್ ಟ್ವೀಡಿನ ಗೋಳದ ಮುದ್ರೆಗೂ ಹಾಗೇ, ಹೆಸರಿಗೊಂದಿಷ್ಟು ದುಡ್ಡು ಹೋಗುತ್ತದೆ. ನಿನ್ನ ಯಾರ್ಕ್‌ಷೈರ್ ಸೀಮೆಯ ಹೆಸರಿಲ್ಲದ ಟ್ವೀಡು ಚಳಿ ತಡೆಯುವುದರಲ್ಲಿ ಅದಕ್ಕೆ ಕಡಿಮೆಯಿಲ್ಲ. ಗಜಕ್ಕೆ 16 ಔನ್ಸ್, ಅಂದರೆ ಮೀಟರಿಗೆ ಸುಮಾರು 500 ಗ್ರಾಂ ತೂಗುವ ಬಟ್ಟೆ ಸಿಕ್ಕರೆ ಹಿಡಿದುಕೋ. ಈಗಿನ ಸೂಟುಗಳು ಹೆಚ್ಚಾಗಿ 9ರಿಂದ 11 ಔನ್ಸಿನವು.

ತಂದ ಕೂಡಲೇ ಕಪಾಟಿಗೆ ಸೇರಿಸಬೇಡ. ಬಟ್ಟೆ ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ಮೊಟ್ಟೆ ನಿನ್ನ ಕಣ್ಣಿಗೆ ಬೀಳುವುದಿಲ್ಲ. ಹೊರಗೆ ನಿಂತು ಜೇಬು, ಮಡಿಕೆ, ಕಾಲರಿನ ಅಡಿ ಎಲ್ಲ ಬ್ರಷ್ ಮಾಡು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ಹಿಂಡಿ ಟೇಪ್ ಸುತ್ತು. ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಪೂರಾ ಎರಡು ವಾರ ಇಡು. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡ, ಇಲ್ಲದಿದ್ದರೆ ತಣ್ಣನೆಯ ಉಣ್ಣೆಯ ಮೇಲೆ ನೀರು ಕೂರುತ್ತದೆ. ನಮ್ಮ ಮನೆಗಳ ನ್ಯಾಫ್ತಲಿನ್ ಗುಳಿಗೆ ಯುರೋಪಿನಲ್ಲಿ 2008ರಿಂದ ನಿಷೇಧ, ಇಲ್ಲಿಂದ ಒಯ್ಯಲೂಬೇಡ. ವಾಷಿಂಗ್ ಮೆಷಿನ್ನಂತೂ ಬೇಡವೇ ಬೇಡ. ನೀರು, ಬಿಸಿ, ತಿರುಗಾಟ ಸೇರಿದರೆ ಉಣ್ಣೆ ಕಂಬಳಿಯಂತೆ ಗಂಟುಕಟ್ಟಿ ಕುಗ್ಗುತ್ತದೆ.

ಪ್ಯಾಂಟಿನ ವಿಷಯ. ಹಳೆಯ ಪ್ಯಾಂಟು ನಿಲ್ಲುವುದು ಸೊಂಟದ ಮೂಳೆಯ ಮೇಲಲ್ಲ, ಹೊಕ್ಕುಳ ಮಟ್ಟದಲ್ಲಿ, ನಮ್ಮ ಹಿರಿಯರು ಪಂಚೆ ಬಿಗಿಯುತ್ತಿದ್ದ ಜಾಗದಲ್ಲೇ. ಹಾಗಾಗಿ ಜೀನ್ಸಿನ ಅಳತೆ ಇಲ್ಲಿ ನಡೆಯದು, ಹೊಕ್ಕುಳ ಸುತ್ತ ಟೇಪು ಹಿಡಿ. ಹಿಂಭಾಗದ ನಡುಹೊಲಿಗೆಯೊಳಗೆ ಮಾರ್ಜಿನ್ ಇದ್ದರೆ ಒಂದೂವರೆ ಇಂಚಿನವರೆಗೆ ಬಿಡಿಸಬಹುದು. ತೊಡೆಸಂದಿನಲ್ಲಿ ಬಟ್ಟೆ ತೆಳುವಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡು, ಮೊದಲು ಸವೆಯುವುದು ಅಲ್ಲಿಯೇ. ಹಳೆಯ ಕೋಟಿನ ಕೆಳಗೆ ತಗ್ಗಿ ನಿಲ್ಲುವ ಈಗಿನ ಜೀನ್ಸ್ ಹಾಕಿದರೆ ಗುಂಡಿಯ ಕೆಳಗೆ ಅಂಗಿ ತ್ರಿಕೋನವಾಗಿ ಇಣುಕುತ್ತದೆ. ಕೋಟು ಸರಿಯಿಲ್ಲ ಎಂದು ಜನ ಬೈಯುವುದು ಇದಕ್ಕೇ; ತಪ್ಪು ಪ್ಯಾಂಟಿನದು.

ನಿನ್ನ ನಾಲ್ಕು ಅಳತೆ, ಹೊಕ್ಕುಳ ಸುತ್ತಿನ ಅಳತೆ ಈ ವಾರವೇ ಬರೆದು ಕಳಿಸು. ಕೋಟು ಕಂಡರೆ ಎದುರಿನ ಫೋಟೋ ಬೇಡ. ಕಂಕುಳ ಲೈನಿಂಗ್, ಕಾಲರಿನ ಅಡಿ, ತೋಳಿನ ತುದಿಯ ಒಳಮಡಿಕೆ, ಈ ಮೂರರ ಫೋಟೋ ತೆಗೆ.

ನಿನ್ನ ಗೆಳೆಯ