ಕೆಂಪಕ್ಕನಿಗೆ, ಆ ರಾತ್ರಿ ಜೊತೆಗಿದ್ದ ಎಲ್ಲರಿಗೂ

ತಮ್ಮನ ಊದುವ ಪರೀಕ್ಷೆಯ ರಿಪೋರ್ಟು ಮೊನ್ನೆ ಕೈಗೆ ಬಂತು. ಶ್ವಾಸನಾಳದ ಬಿಗಿತ ಸಡಿಲವಾಗಿದೆ, ಸೋಮವಾರದಿಂದ ಕೆಲಸಕ್ಕೆ ಹೋಗಬಹುದು ಅಂದರು ಡಾಕ್ಟರು. ಬಾಗಿಲು ಹಾಕಿಕೊಂಡು ಹುಕ್ಕಾ ಸೇದಿ ಅವನು ಆಸ್ಪತ್ರೆ ಸೇರಿದ ಆ ರಾತ್ರಿಯ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಪೂರ್ತಿ ಬರೆಯಲ್ಲ. ಸರಿಹೊತ್ತಲ್ಲಿ ಆಟೋ ತಂದ ಮಂಜಣ್ಣ, ದುಡ್ಡು ಹೊಂದಿಸಿದ ಸೋದರಮಾವ, ಅಮ್ಮನಿಗೆ ಹೊತ್ತುಹೊತ್ತಿಗೆ ಬುತ್ತಿ ಕಳಿಸಿದ ನಮ್ಮ ಮಂಡ್ಯದ ಬೀದಿಯವರು, ಎಲ್ಲರ ಋಣವೂ ನಮ್ಮ ಮೇಲಿದೆ.

ಕೆಂಪಕ್ಕನ ವಿಷಯ ಮಾತ್ರ ಒಂದು ಸಾಲಿಗೆ ಮುಗಿಯಲ್ಲ.

ಆಸ್ಪತ್ರೆಯಲ್ಲಿ ಬೆರಳಿಗೆ ಹಾಕಿದ ಕ್ಲಿಪ್ಪು 98 ತೋರಿಸುತ್ತಿತ್ತು. ಸದ್ಯ, ಆಕ್ಸಿಜನ್ ಚೆನ್ನಾಗಿದೆಯಲ್ಲ ಅಂದುಕೊಂಡೆವು. ನರ್ಸಾಗಿ ನಿವೃತ್ತರಾದ ಕೆಂಪಕ್ಕ ಒಪ್ಪಲಿಲ್ಲ. "ಬಾಗಿಲು ಹಾಕ್ಕೊಂಡು ಇದ್ದಿಲಿನ ಹುಕ್ಕಾ ಸೇದವ್ನೆ ಡಾಕ್ಟ್ರೇ, ರಕ್ತ ನೋಡಿ" ಅಂತ ಪಟ್ಟು ಹಿಡಿದರು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಕ್ಸಿಜನ್ನಿನ ಜಾಗ ಹಿಡಿದು ಕೂತರೂ ಆ ಕ್ಲಿಪ್ಪಿಗೆ ವ್ಯತ್ಯಾಸ ತಿಳಿಯಲ್ಲವಂತೆ. ರಕ್ತದ ರಿಪೋರ್ಟು ಬಂದದ್ದೇ ಮಾಸ್ಕ್ ಹಾಕಿ ಪೂರ್ತಿ ಆಕ್ಸಿಜನ್ ಕೊಟ್ಟರು.

ಬೆಳಗಾಗುವವರೆಗೂ ಅಕ್ಕ ಕೂರಲಿಲ್ಲ. ಅವನ ಎದೆ ಮೇಲೆ ಅಂಗೈಯಿಟ್ಟು, ಗೋಡೆ ಗಡಿಯಾರ ನೋಡುತ್ತಾ ಉಸಿರು ಎಣಿಸೋರು. ಎಣಿಸಿದ ಮೇಲೆ ನನ್ನ ಕಡೆ ತಿರುಗಿ ತಲೆಯಾಡಿಸೋರು. ನಾನು ಅದಕ್ಕೇ ಕಾಯುತ್ತಿದ್ದೆ. ಅಪ್ಪನನ್ನು ಕಳೆದುಕೊಂಡ ಮನೆ ನಮ್ಮದು. ದೇವರೇ, ಇವನನ್ನೂ ಕರೆದುಕೊಳ್ಳಬೇಡ ಅಂತ ಬಾಯಿಬಿಟ್ಟು ಅತ್ತೆ. ಅಕ್ಕ ನನ್ನ ಸುಮ್ಮನಿರು ಅನ್ನಲಿಲ್ಲ. ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದುಕೊಂಡು ಎಣಿಸುತ್ತಲೇ ಇದ್ದರು.

"ನೀರಲ್ಲಿ ಹಾದು ಬರೋ ಹೊಗೆ, ಏನೂ ಆಗಲ್ಲ ಅಂತಿದ್ನಲ್ಲ" ಅಂತ ಅಮ್ಮ ಗೋಳಾಡಿದಾಗ, "ನೀರು ಹೊಗೆನ ತಣ್ಣಗೆ ಮಾಡ್ತದೆ ಕಣವ್ವ, ತೊಳೆಯಾಕಿಲ್ಲ" ಅಂದರು. ಗಂಟಲು ಸುಡದಿದ್ದರೆ ಇನ್ನೂ ಆಳಕ್ಕೆ ಎಳೆಯುವುದು ಸುಲಭ. ಒಂದು ಗಂಟೆ ಹುಕ್ಕಾ ಮುಂದೆ ಕೂತರೆ ಒಂದು ಸಿಗರೇಟಿನ 100ರಿಂದ 200 ಪಟ್ಟು ಹೊಗೆ ಒಳಗೆ ಹೋಗುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಧೂಳಿನ ಕೆಮ್ಮು ಅಂತ ನಾವು ಕಷಾಯ ಕೊಡುತ್ತಿದ್ದುದು ಈ ಹೊಗೆಯ ಕೆಮ್ಮಿಗೆ. ನಮ್ಮ ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲೇ ಹುಕ್ಕಾ ನಿಷೇಧಿಸಿದೆ. ಆದರೆ ಹುಡುಗರ ರೂಮುಗಳಲ್ಲಿ ಹಣ್ಣಿನ ಘಮದ ಜೊತೆ ಅದು ಇನ್ನೂ ಇದೆ, ಒಂದೇ ನಳಿಗೆಗೆ ಎಲ್ಲರ ಬಾಯಿ. ಕ್ಷಯದಂಥ ಕಾಯಿಲೆ ಹರಡಲು ಅಷ್ಟು ಸಾಕು. ನಿಮ್ಮ ಮನೆ ಮಕ್ಕಳ ಕೆಮ್ಮು ನಿಲ್ಲದಿದ್ದರೆ ದಯವಿಟ್ಟು ಇದನ್ನೂ ಕೇಳಿ ನೋಡಿ.

ಕೆಂಪಕ್ಕ, ಅವತ್ತು ಬೆಳಿಗ್ಗೆ ಒಂದು ಲೋಟ ಕಾಫಿಗೂ ನಿಲ್ಲದೆ ಹೊರಟುಬಿಟ್ಟಿರಿ. ಈ ಭಾನುವಾರ ಅಮ್ಮ ಮುದ್ದೆ, ಉಪ್ಸಾರು ಮಾಡ್ತಾರೆ. ತಮ್ಮನೇ ಕರೆಯಲು ಬರ್ತಾನೆ, ಇಲ್ಲ ಅನ್ನಬೇಡಿ.