ಬೀಜದ ದುಡ್ಡು ಬ್ರಹ್ಮಾವರದಲ್ಲೇ ಉಳಿಯಲಿ

ಮಾನ್ಯರೇ,

ಉಡುಪಿ ಜಿಲ್ಲೆಯ ಬ್ರಹ್ಮಾವರಕ್ಕೆ ಕೃಷಿ ಕಾಲೇಜು ಬೇಕೆಂಬ ಬೇಡಿಕೆ ಹಳೆಯದು. ಮನವಿ ಕೊಟ್ಟದ್ದಾಯಿತು, ಭರವಸೆ ಕೇಳಿದ್ದಾಯಿತು. ಪ್ರತಿ ಸಲ ಮಾತು ಬಂದು ನಿಲ್ಲುವುದು ದುಡ್ಡಿನ ಹತ್ತಿರ. ಬಜೆಟ್ ಯಾವಾಗ ಬರುತ್ತದೆ ಎಂದು ಕಾಯುವ ನಾವು ಅಲ್ಲಿನ ವಲಯ ಕೃಷಿ ಸಂಶೋಧನಾ ಕೇಂದ್ರದ ಗದ್ದೆಯನ್ನೊಮ್ಮೆ ನೋಡುವುದು ಒಳ್ಳೆಯದು. ನಾನು ಹೇಳುತ್ತಿರುವುದು ಅಲ್ಲಿ ಬಿತ್ತನೆ ಬೀಜ ಬೆಳೆದು ಮಾರಿ ಕಾಲೇಜಿಗೆ ದುಡ್ಡು ಕೂಡಿಸುವ ವಿಷಯ.

ಕಳೆದ ಕಾರ್ತಿಗೆ (ಮುಂಗಾರು ಬೆಳೆಗೆ) ಒಂದು ಕಡೆಯಿಂದ ಎಂಒ-4 ಎಂಬ ಕೆಂಪಕ್ಕಿ ತಳಿಯ ಬೀಜವೆಂದು ಎರಡು ಚೀಲ ತಂದಿದ್ದೆ. ನೇಜಿ (ಸಸಿ) ಚೆನ್ನಾಗಿಯೇ ಬಂತು. ತೆನೆ ಬಿಡುವಾಗ ನೋಡಿದರೆ ಗದ್ದೆಯಲ್ಲಿ ಅಲ್ಲಲ್ಲಿ ಉಳಿದವಕ್ಕಿಂತ ಗೇಣುದ್ದ ಎತ್ತರಕ್ಕೆ ಎದ್ದುನಿಂತ ಬೇರೆಯೇ ಗಿಡಗಳು. ಕೊಯ್ಲಿನ ಹೊತ್ತಿಗೆ ಅವುಗಳ ಅರ್ಧ ಕಾಳು ಕೆಸರಿಗೆ ಉದುರಿತ್ತು, ಉಳಿದದ್ದು ಬಿಳಿ ಅಕ್ಕಿ. ಮಿಲ್ಲಿನವರು ನಾಲ್ಕು ಕಾಳು ಅಂಗೈಯಲ್ಲಿ ಉಜ್ಜಿ ನೋಡಿ, ‘ಬೆರಕೆ ಉಂಟಲ್ಲ ಮಾರಾಯ್ರೆ’ ಎಂದು ರೇಟು ಇಳಿಸಿದರು. ಚೀಲಕ್ಕೆ ಬೀಜದ ದರ್ಜೆ ಹೇಳುವ ಚೀಟಿಯೇ ಇರಲಿಲ್ಲ ಎಂಬುದು ನನ್ನ ತಲೆಗೆ ಹೊಳೆದದ್ದು ಆಗ. ತಪ್ಪು ನನ್ನದೂ ಹೌದು.

ಬೀಜಕ್ಕೂ ಒಂದು ವಂಶಾವಳಿ ಇರುತ್ತದೆ. ತಳಿ ವರ್ಧಕ ಬೀಜಕ್ಕೆ ಹಳದಿ ಚೀಟಿ, ಅದರಿಂದ ಬೆಳೆದ ಮೂಲ ಬೀಜಕ್ಕೆ ಬಿಳಿ ಚೀಟಿ, ಅದರಿಂದ ಬೆಳೆದ ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ನಮ್ಮಂಥವರ ಗದ್ದೆಗೆ ಬೇಕಾದದ್ದು ಈ ನೀಲಿ ಚೀಟಿಯದ್ದು. ನೂರು ಕಾಳು ಹಾಕಿದರೆ ಕನಿಷ್ಠ 80 ಮೊಳೆಯಬೇಕು, ತೇವಾಂಶ 13 ಶೇಕಡಾ ದಾಟಬಾರದು, ಬೀಜದ ಗದ್ದೆ ಬೇರೆ ತಳಿಯ ಗದ್ದೆಯಿಂದ ಮೂರು ಮೀಟರ್ ದೂರ ಇರಬೇಕು. ಕಾಗದದಲ್ಲಿ ಇದು ಸಲೀಸು. ಕಷ್ಟ ಇರುವುದು ತೆನೆ ಬಿಟ್ಟಾಗ ಮತ್ತು ಹಣ್ಣಾಗುವಾಗ ಗದ್ದೆಗಿಳಿದು ಬೆರಕೆ ಗಿಡಗಳನ್ನು ಬುಡಸಮೇತ ಕಿತ್ತು ಹೊರಗೆ ಹಾಕುವುದರಲ್ಲಿ. ಅಷ್ಟು ಮಾಡಿದ ಮೇಲೂ ಪಕ್ಕದ ಊರಿನಲ್ಲಿ ಜ್ಯೋತಿ ತಳಿಯ ಭತ್ತ ಕೊಯ್ದು ಬಂದ ಕಟಾವು ಯಂತ್ರವನ್ನು ಹಾಗೇ ಗದ್ದೆಗೆ ಇಳಿಸಿದರೆ, ಅದರ ಹೊಟ್ಟೆಯಲ್ಲಿ ಉಳಿದ ಕಾಳು ನಾಲ್ಕು ತಿಂಗಳ ಶ್ರಮವನ್ನು ಹಾಳು ಮಾಡುತ್ತದೆ. ಈ ಶಿಸ್ತು ವ್ಯಾಪಾರಿಗೆ ಹೊರೆ. ವಿಶ್ವವಿದ್ಯಾಲಯಕ್ಕೆ ಮಾತ್ರ ಇದೇ ಪಾಠ. ವಿದ್ಯಾರ್ಥಿಗಳು ಕಲಿಯಬೇಕಾದದ್ದೂ ಇದನ್ನೇ ಅಲ್ಲವೇ?

ಒಂದು ಲೆಕ್ಕ ಹಾಕೋಣ. ಜಿಲ್ಲೆಯಲ್ಲಿ ಕಾರ್ತಿ ಭತ್ತ ಸುಮಾರು 35 ಸಾವಿರ ಹೆಕ್ಟೇರ್, ಅಂದರೆ ಸುಮಾರು 86 ಸಾವಿರ ಎಕರೆ ಎಂದುಕೊಳ್ಳಿ. ಎಕರೆಗೆ 25 ಕೆಜಿ ಬೀಜ. ಮೂರು ವರ್ಷಕ್ಕೊಮ್ಮೆ ಬದಲಿಸಿದರೂ ವರ್ಷಕ್ಕೆ ಏಳು ಸಾವಿರ ಕ್ವಿಂಟಾಲ್ ಬೇಕು. ಎಕರೆಗೆ 15 ಕ್ವಿಂಟಾಲ್ ಶುದ್ಧ ಬೀಜ ಸಿಕ್ಕರೆ ಅದನ್ನು ಬೆಳೆಯಲು 500 ಎಕರೆ ಸಾಕು, ಅದು ರೈತರ ಗದ್ದೆಯಲ್ಲೇ ಆಗಲಿ. ಆ 500 ಎಕರೆಗೆ ಬೇಕಾದ ಮೂಲ ಬೀಜ 125 ಕ್ವಿಂಟಾಲ್. ಅಂದರೆ ಕೇಂದ್ರದ ಗದ್ದೆಯಲ್ಲಿ ಹತ್ತು ಎಕರೆ. ಹತ್ತೇ!

ಇದು ಹೊಸ ಯೋಚನೆಯೇನಲ್ಲ. 1960ರಲ್ಲಿ ಶುರುವಾದ, ಈಗಿನ ಉತ್ತರಾಖಂಡದ ಪಂತನಗರದ ಕೃಷಿ ವಿಶ್ವವಿದ್ಯಾಲಯ ಹೆಸರು ಮಾಡಿದ್ದು ಪಾಠಕ್ಕಿಂತ ಹೆಚ್ಚಾಗಿ ಬೀಜದಿಂದ. 1969ರಲ್ಲಿ ವಿಶ್ವಬ್ಯಾಂಕ್ ನೆರವಿನಲ್ಲಿ ಸುತ್ತಲಿನ ರೈತರನ್ನು ಸೇರಿಸಿಕೊಂಡು ತರಾಯಿ ಅಭಿವೃದ್ಧಿ ನಿಗಮ ಎಂಬ ಬೀಜ ನಿಗಮ ಬಂತು. ಆ ನಿಗಮ ಮುಂದೆ ನಷ್ಟಕ್ಕೂ ಬಿತ್ತು, ಅದನ್ನು ಮರೆಯಬಾರದು. ಮಾರಾಟದ ಚಟಕ್ಕೆ ಬಿದ್ದು ಲೆಕ್ಕಪತ್ರ ಸಡಿಲ ಬಿಟ್ಟರೆ ಇಲ್ಲೂ ಹಾಗೇ ಆಗುತ್ತದೆ. ಆಮೇಲೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2005-06ರಲ್ಲಿ ಬೀಜೋತ್ಪಾದನೆ ಯೋಜನೆ ತಂದಾಗ ಅದರ ಜೊತೆ ಆವರ್ತ ನಿಧಿಯನ್ನೂ ಇಟ್ಟಿತ್ತು. ಬೀಜ ಮಾರಿದ ಹಣ ಖಜಾನೆಗೆ ಹೋಗಿ ಕಳೆದುಹೋಗದೆ ಮುಂದಿನ ವರ್ಷದ ಬೀಜಕ್ಕೆ, ಸಂಸ್ಕರಣಾ ಘಟಕಕ್ಕೆ ತಿರುಗಿ ಬರುವ ವ್ಯವಸ್ಥೆ ಅದು.

ಬ್ರಹ್ಮಾವರ ಕೇಂದ್ರ 2012ರಲ್ಲಿ ಹುಟ್ಟಿದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಆ ವಿಶ್ವವಿದ್ಯಾಲಯಕ್ಕೆ ನನ್ನ ವಿನಂತಿ ಇಷ್ಟೆ: ಇಲ್ಲಿ ಬೆಳೆದ ಬೀಜದ ಲಾಭದಲ್ಲಿ ದೊಡ್ಡ ಪಾಲು ಇಲ್ಲಿಯ ಹೆಸರಿನಲ್ಲೇ ಪ್ರತ್ಯೇಕ ಖಾತೆಯಲ್ಲಿ ಇರಲಿ, ಪ್ರತಿ ವರ್ಷ ಅದರ ಲೆಕ್ಕ ಪತ್ರಿಕೆಯಲ್ಲಿ ಬರಲಿ. ಮೊದಲು ಒಂದು ಒಣಗಿಸುವ ಯಂತ್ರ (ನಮ್ಮ ಅಕ್ಟೋಬರ್ ಮಳೆಯಲ್ಲಿ ಅಂಗಳ ನಂಬಿದವರು ಕೆಟ್ಟರು), ಆಮೇಲೆ ಬೀಜ ಪರೀಕ್ಷಾ ಕೊಠಡಿ, ಆಮೇಲೆ ಕಾಲೇಜಿನ ತರಗತಿ. ಹತ್ತಾರು ಕೋಟಿಯ ಕಟ್ಟಡ ಬೀಜದಿಂದ ಎದ್ದೀತೆಂದು ನಾನು ಹೇಳುವುದಿಲ್ಲ. ಆದರೆ ಸ್ವಂತ ದುಡಿಮೆ ತೋರಿಸಿ ಸರ್ಕಾರದ ಮುಂದೆ ಕೂತು ಮಾತಾಡುವುದಕ್ಕೂ ಬರಿಗೈಯಲ್ಲಿ ಮನವಿ ಹಿಡಿದು ನಿಲ್ಲುವುದಕ್ಕೂ ವ್ಯತ್ಯಾಸ ಉಂಟು.

ಎಂಒ-4 ಕೇರಳದ ಮೊಂಕೊಂಬಿನಿಂದ ಬಂದ ತಳಿ. ಅಲ್ಲಿ ಅದರ ಹೆಸರು ಭದ್ರ. ನಮ್ಮದೇ ವಿಶ್ವವಿದ್ಯಾಲಯದ ಸಹ್ಯಾದ್ರಿ ಪಂಚಮುಖಿ ನೆರೆ ನೀರನ್ನು ತಡೆದುಕೊಳ್ಳುವ ಕೆಂಪಕ್ಕಿ ತಳಿ. ಸೀತಾನದಿ ಬದಿಯ ಬೈಲು ಗದ್ದೆಯವರು ಹುಡುಕಿಕೊಂಡು ಹೋಗಿ ಕೇಳುವ ಬೀಜ ಅದು. ಕೇಳಿದವರಿಗೆಲ್ಲ ಹೊತ್ತಿಗೆ ಸರಿಯಾಗಿ ಸಿಗಬೇಕು.

ಈ ಸಲ ನನಗೆ ಬೇಕಿರುವುದು 50 ಕೆಜಿ. ನೀಲಿ ಚೀಟಿ ಇರಲಿ, ಮೇ ಕೊನೆಯೊಳಗೆ ಸಿಗಲಿ. ಕಾಲೇಜಿನ ಪಾಲೆಂದು ಕೆಜಿಗೆ ಎರಡು ರೂಪಾಯಿ ಹೆಚ್ಚು ಕೇಳಿದರೂ ಚೌಕಾಶಿ ಮಾಡುವುದಿಲ್ಲ.

ಇತಿ,
ಒಬ್ಬ ಭತ್ತ ಬೆಳೆಗಾರ
ಬಾರ್ಕೂರು, ಉಡುಪಿ ಜಿಲ್ಲೆ